ಮೆಟ್ಟಿಲ ಮೇಲೆ ಕೂರಬೇಡ ಎಂದಿದ್ದ ಊರು

ಎಂಬತ್ತರ ದಶಕದಲ್ಲಿ ಧಾರವಾಡದಿಂದ ಡಾಕ್ಟರಿಕೆ ಓದಲು ಖಾರ್ಕಿವ್‌ಗೆ ಹೋದಾಗ ನಮ್ಮ ಬಾಯಲ್ಲಿ ಅದು ಖಾರ್ಕೋವ್. ಮೆಟ್ರೊಗೆ ಐದು ಕೊಪೆಕ್. ನಾಣ್ಯ ಹಾಕಿ ಕೆಳಗಿಳಿದರೆ ಅರಮನೆಯಂಥ ನಿಲ್ದಾಣ. ದಣಿದು ಮೆಟ್ಟಿಲ ಮೇಲೆ ಕೂತರೆ ಸಾಕು, ಕಾವಲಿನ ಅಜ್ಜಿ ಗದರಿ ಎಬ್ಬಿಸುತ್ತಿದ್ದಳು, ಇದು ಕೂರುವ ಜಾಗವಲ್ಲ ಎಂದು.

ಮೇಲೆ ಬಂದರೆ ಒಂದೇ ನಡಿಗೆಯಲ್ಲಿ ಎಷ್ಟೊಂದು ಕಾಲಗಳು! ಲೋಪನ್ ನದಿಯ ದಂಡೆಯಲ್ಲಿ 1901ರಲ್ಲಿ ಕಟ್ಟಿ ಮುಗಿಸಿದ ಬ್ಲಾಗೊವೆಶ್ಚೆನ್ಸ್ಕಿ ಚರ್ಚು; ಅದರ ಕೆಂಪು-ಬಿಳಿ ಪಟ್ಟೆ ಕಂಡಾಗಲೆಲ್ಲ ನಮ್ಮೂರ ಗುಡಿಯ ಸುಣ್ಣ-ಕೆಮ್ಮಣ್ಣಿನ ಪೌಳಿ ನೆನಪಾಗಿ ಗಂಟಲು ಕಟ್ಟುತ್ತಿತ್ತು. ಸುಮ್ಸ್ಕಾ ಬೀದಿಯಲ್ಲಿ ಗಾರೆಯ ಹೂಬಳ್ಳಿ ಹೊತ್ತ ಹಳೆ ಮನೆಗಳು. ಅದನ್ನು ಹಿಡಿದು ಹೋದರೆ ಕಣ್ಣು ಮುಟ್ಟುವಷ್ಟು ದೂರ ಹರಡಿದ ಚೌಕ, ಅದರ ಅಂಚಿಗೆ ದೆರ್ಝ್‌ಪ್ರೋಮ್. ಖಾರ್ಕಿವ್ ಸೋವಿಯತ್ ಉಕ್ರೇನಿನ ರಾಜಧಾನಿಯಾಗಿದ್ದಾಗ, 1925ರಿಂದ 28ರೊಳಗೆ ಎದ್ದ ಕಾಂಕ್ರೀಟು ಗೋಪುರಗಳು, ಒಂದರಿಂದೊಂದಕ್ಕೆ ಗಾಳಿಯಲ್ಲೇ ಸೇತುವೆ. ಅಲಂಕಾರವೇ ಇಲ್ಲದ ಆ ಕಟ್ಟಡ ಆಗ ನನಗೆ ರುಚಿಸಲಿಲ್ಲ. ಸಂಜೆ ಬಿಸಿಲಲ್ಲಿ ಅದರ ಸಾವಿರಾರು ಕಿಟಕಿಗಳು ಹೊತ್ತಿಕೊಳ್ಳುವುದನ್ನು ನಿಂತು ನೋಡುವಷ್ಟು ತಾಳ್ಮೆ ಇಪ್ಪತ್ತರ ಹುಡುಗನಿಗೆ ಎಲ್ಲಿ ಬರಬೇಕು?

ಬೇಸಿಗೆಯಲ್ಲಿ ಬೀದಿ ಮೂಲೆಗೆ ಕ್ವಾಸಿನ ಹಳದಿ ಟ್ಯಾಂಕರು ಬರುತ್ತಿತ್ತು. ಹುಳಿ ಹಿಡಿದ ರೊಟ್ಟಿಯ ಆ ತಂಪು ಪಾನೀಯಕ್ಕೆ ಮುದುಕರು, ಮಕ್ಕಳು, ಸಿಪಾಯಿಗಳು ಅವಸರವಿಲ್ಲದೆ ಸಾಲು ನಿಲ್ಲುತ್ತಿದ್ದರು. ಮನೆಯ ಕಾಗದ ಬರಲು ವಾರಗಟ್ಟಲೆ ಹಿಡಿಯುತ್ತಿತ್ತು, ಆದರೂ ಊರುಗಳ ಮೇಲೆ ನಂಬಿಕೆಯಿತ್ತು.

ಈಗ ಕಾಗದಕ್ಕೆ ಕಾಯಬೇಕಿಲ್ಲ. 2022ರ ಮಾರ್ಚ್ 1ರ ಬೆಳಿಗ್ಗೆ ಅದೇ ಚೌಕಕ್ಕೆ ಕ್ಷಿಪಣಿ ಬಿದ್ದದ್ದನ್ನು ಅಡುಗೆಮನೆಯಲ್ಲಿ ನಿಂತೇ ಫೋನಿನಲ್ಲಿ ನೋಡಿದೆ. ಅದೇ ದಿನ ಆ ಊರಲ್ಲಿ ತಿನ್ನಲು ಏನಾದರೂ ತರೋಣವೆಂದು ಸಾಲಿನಲ್ಲಿ ನಿಂತಿದ್ದ ನಮ್ಮ ಹಾವೇರಿ ಕಡೆಯ ಹುಡುಗ ಹೋಗಿಬಿಟ್ಟ. ನನ್ನ ಹಾಗೇ ಡಾಕ್ಟರಾಗಲು ಹೋದವನು. ನಾವು ಕ್ವಾಸಿಗೆ ನಿಂತ ಬೀದಿಗಳಲ್ಲಿ ಅವನು ರೊಟ್ಟಿಗೂ ನಿಲ್ಲುವಂತಿರಲಿಲ್ಲ. ಎರಡನೇ ಮಹಾಯುದ್ಧವನ್ನೂ ತಾಳಿಕೊಂಡಿದ್ದ ದೆರ್ಝ್‌ಪ್ರೋಮ್‌ಗೆ 2024ರ ಅಕ್ಟೋಬರಿನಲ್ಲಿ ಬಾಂಬು ಬಿತ್ತು. ಅಂದು ರುಚಿಸದ ಕಟ್ಟಡದ ಒಡೆದ ಮೈಯನ್ನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ.

ಮೊನ್ನೆ ಇನ್ನೊಂದು ವಿಡಿಯೊ. ಮೆಟ್ರೊ ನಿಲ್ದಾಣದೊಳಗೇ ಶಾಲೆ. ಪುಟ್ಟ ಮೇಜುಗಳು, ಬಣ್ಣದ ಚೀಲಗಳು, ನೆಲದಡಿಯಲ್ಲಿ ಕೂತು ಅಕ್ಷರ ತಿದ್ದುವ ಮಕ್ಕಳು. ಯಾರೂ ಬಂದು ಅವರನ್ನು ಗದರಿ ಎಬ್ಬಿಸಲಿಲ್ಲ.