ಟಿವಿಗೆ ಯಾವ ಪೆಟ್ಟಿಗೆ? ಹರಿಹರದ ಅಕ್ಕನಿಗೊಂದು ಕಾಗದ

ಪಿ.ಜೆ. ಬಡಾವಣೆ,
ದಾವಣಗೆರೆ

ಹರಿಹರದ ಅಕ್ಕನವರಿಗೆ,

ನಿಮ್ಮ ಕಾಗದ ಕೈಸೇರಿತು. ಪೊರೆಯ ಆಪರೇಷನ್ ಆದಮೇಲೂ ಇಷ್ಟು ದುಂಡಗೆ ಬರೆದಿದ್ದೀರಿ ಅಂದರೆ ಕಣ್ಣು ಚೆನ್ನಾಗಿ ಸುಧಾರಿಸಿದೆ ಅಂತಾಯಿತು, ಖುಷಿಯಾಯಿತು. ನಿಮಗೆ ಬೇಕಿರುವುದು ಎರಡು. ಹಾಲ್‌ನ ಟಿವಿಯಲ್ಲಿ ಕನ್ನಡ ಸಿನಿಮಾ ನೋಡಬೇಕು. ಮೊಬೈಲ್‌ನಲ್ಲಿ ಕಣ್ಣಿಗೆ ಹಿಡಿಯದ ಜಾಲತಾಣಗಳನ್ನು ಅದೇ ಟಿವಿಯಲ್ಲಿ ದೊಡ್ಡ ಅಕ್ಷರದಲ್ಲಿ ಓದಬೇಕು. ಮಗ ಒಂದು ಹೇಳುತ್ತಾನೆ, ಅಂಗಡಿಯವರು ಇನ್ನೊಂದು, ಕೇಬಲ್ ಹುಡುಗ ಮತ್ತೊಂದು, ಯಾವುದನ್ನು ಕೊಳ್ಳಲಿ ಅಂತ ಬರೆದಿದ್ದೀರಿ.

ಈ ಮೂವರೂ ನಿಮ್ಮ ಮೊದಲ ಆಸೆಗೆ ಮಾತ್ರ ಉತ್ತರ ಕೊಡುತ್ತಿದ್ದಾರೆ. ನೆಟ್‌ಫ್ಲಿಕ್ಸ್ ಬರುತ್ತೆ, ಪ್ರೈಮ್ ಬರುತ್ತೆ, ಹಾಟ್‌ಸ್ಟಾರ್ ಬರುತ್ತೆ ಅಂತ ಬೆರಳು ಮಡಚಿ ಎಣಿಸುತ್ತಾರೆ. ಜಾಲತಾಣ ತೆರೆಯುವ ಬ್ರೌಸರ್ ಇದೆಯಾ ಅಂತ ಗಿರಾಕಿಗಳು ಕೇಳುವುದಿಲ್ಲ, ಹಾಗಾಗಿ ಅವರೂ ಹೇಳುವುದಿಲ್ಲ. ಕನ್ನಡದಲ್ಲಿ ನೋಡುವ, ಓದುವ ನಮ್ಮಂಥವರು ಮೊದಲು ಕೇಳಬೇಕಾದದ್ದು ಅದನ್ನೇ ಅಂತ ನನ್ನ ಗಟ್ಟಿ ಅಭಿಪ್ರಾಯ. ಆಪ್ ಅಂದರೆ ಮಾಲ್ ಒಳಗಿನ ಅಂಗಡಿ, ಮಾಲ್‌ನವರು ಜಾಗ ಕೊಟ್ಟರೆ ಉಂಟು. ಬ್ರೌಸರ್ ಅಂದರೆ ನಮ್ಮ ಪಿ.ಬಿ. ರಸ್ತೆ, ಯಾರ ಮನೆಗೆ ಬೇಕಾದರೂ ಹೋಗಬಹುದು.

ಇದನ್ನು ನನಗೆ ಮನದಟ್ಟು ಮಾಡಿಸಿದ್ದು ‘ಏಕಂ’. ನೀವು ನೋಡಿರಲಿಕ್ಕಿಲ್ಲ. ಕರಾವಳಿಯ ಏಳು ಕತೆಗಳ ಸರಣಿ ಅದು. ಸುಮಂತ್ ಭಟ್ ಮತ್ತವರ ಗೆಳೆಯರು ಮಾಡಿದ್ದು, ಹಿಂದೆ ನಿಂತದ್ದು ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿಯಂಥವರು ನಟಿಸಿದ್ದಾರೆ. ಇಷ್ಟೆಲ್ಲ ಇದ್ದೂ, ಸರಣಿ ಸಿದ್ಧವಾದಮೇಲೆ ವರ್ಷಗಟ್ಟಲೆ ಅಲೆದರೂ ದೊಡ್ಡ ಓಟಿಟಿಗಳು ತೆಗೆದುಕೊಳ್ಳಲಿಲ್ಲ. ಕೊನೆಗೆ ಅವರೇ ಒಂದು ಜಾಲತಾಣ ಕಟ್ಟಿ 2024ರ ಜುಲೈ 13ರಂದು ಅಲ್ಲೇ ಬಿಡುಗಡೆ ಮಾಡಿದರು. ದುಡ್ಡು ಕಟ್ಟು, ನೋಡು. ಅದಕ್ಕೂ ನಾಲ್ಕು ವರ್ಷ ಹಿಂದೆ, ಲಾಕ್‌ಡೌನ್ ಹೊತ್ತಿನಲ್ಲಿ, ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಒಂದೇ ತಿಂಗಳಲ್ಲಿ ನೇರವಾಗಿ ಪ್ರೈಮ್‌ಗೆ ಬಂದಾಗ ಇನ್ನು ಕನ್ನಡಕ್ಕೆ ದಾರಿಯಾಯಿತು ಅಂತ ನಾವೆಲ್ಲ ಅಂದುಕೊಂಡಿದ್ದೆವಲ್ಲ? ಆ ದಾರಿ ಎಲ್ಲ ಕನ್ನಡ ಕೆಲಸಕ್ಕೂ ತೆರೆದುಕೊಳ್ಳಲಿಲ್ಲ. ಒಳ್ಳೆಯದು ಮಾಲ್ ಹೊರಗೂ ಇದೆ, ಇನ್ನೂ ಬರುತ್ತದೆ. ರಾಜ್ಯ ಸರ್ಕಾರ ಕೂಡ 2025ರ ಬಜೆಟ್‌ನಲ್ಲಿ ಕನ್ನಡ ಚಿತ್ರಗಳಿಗೆಂದೇ ಒಂದು ಓಟಿಟಿ ಮಾಡುತ್ತೇವೆ ಅಂತ ಘೋಷಿಸಿದೆ. ಬ್ರೌಸರ್ ಇಲ್ಲದ ಪೆಟ್ಟಿಗೆ ಕೊಂಡರೆ, ಆಪ್ ಇಲ್ಲದ ‘ಏಕಂ’ನಂಥ ಪ್ರಯತ್ನಗಳು ನಿಮ್ಮ ಹಾಲ್‌ಗೆ ಬರುವುದೇ ಇಲ್ಲ.

ನಾನು ‘ಏಕಂ’ ನೋಡಿದ್ದು ಲ್ಯಾಪ್‌ಟಾಪ್‌ನಿಂದ ಟಿವಿಗೆ ಕೇಬಲ್ ಎಳೆದು. ಮೊದಲು ಅದನ್ನೇ ಹೇಳುತ್ತೇನೆ, ಏಕೆಂದರೆ ನಿಮ್ಮ ಎರಡೂ ಕೆಲಸವನ್ನು ಪೂರ್ತಿ ಮಾಡುವುದು ಅದೊಂದೇ. ನಿಮ್ಮ ಟಿವಿ ಹಿಂದೆ ಎಚ್‌ಡಿಎಂಐ ಅಂತ ಬರೆದ ಚಪ್ಪಟೆ ರಂಧ್ರವಿರುತ್ತದೆ. ಕೇಬಲ್‌ನ ಒಂದು ತುದಿ ಅಲ್ಲಿಗೆ, ಇನ್ನೊಂದು ತುದಿ ಲ್ಯಾಪ್‌ಟಾಪ್‌ಗೆ. ಟಿವಿ ರಿಮೋಟ್‌ನಲ್ಲಿ ಸೋರ್ಸ್ ಒತ್ತಿ ಅದೇ ಎಚ್‌ಡಿಎಂಐ ನಂಬರ್ ಆರಿಸಿದರೆ ಲ್ಯಾಪ್‌ಟಾಪ್ ಪರದೆ ಟಿವಿಯಲ್ಲಿ ಬರುತ್ತದೆ. ಬರದಿದ್ದರೆ ಕೀಬೋರ್ಡ್‌ನಲ್ಲಿ ವಿಂಡೋಸ್ ಗುರುತಿನ ಕೀ ಹಿಡಿದು ಪಿ ಒತ್ತಿ ‘ಡೂಪ್ಲಿಕೇಟ್’ ಆರಿಸಬೇಕು. ಚಿತ್ರ ಬಂದು ಧ್ವನಿ ಲ್ಯಾಪ್‌ಟಾಪ್‌ನಲ್ಲೇ ಉಳಿದರೆ ಕೆಳಗಿನ ಸ್ಪೀಕರ್ ಚಿತ್ರ ಒತ್ತಿ ಟಿವಿಯ ಹೆಸರು ಆರಿಸಿದರಾಯಿತು. ಓದುವಾಗ ಕಂಟ್ರೋಲ್ ಕೀ ಹಿಡಿದು ಪ್ಲಸ್ ಒತ್ತುತ್ತಾ ಹೋಗಿ, ಸರ್ಕಾರದ ‘ಕಣಜ’ ತಾಣದ ಲೇಖನವೂ ಕನ್ನಡ ವಿಕಿಪೀಡಿಯವೂ ಬೋರ್ಡ್ ಮೇಲೆ ಬರೆದಷ್ಟು ದೊಡ್ಡದಾಗಿ ಕಾಣುತ್ತವೆ. ಒಂದು ವೈರ್‌ಲೆಸ್ ಮೌಸ್ ಇದ್ದರೆ ದಿವಾನದ ಮೇಲೆ ಕೂತೇ ಪುಟ ಸರಿಸಬಹುದು. ನಿಮ್ಮ ಮಗನ ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿ ಸುಮ್ಮನೆ ಬಿದ್ದಿದೆ ಅಂತ ಹಿಂದೊಮ್ಮೆ ಬರೆದಿದ್ದಿರಿ. ಅದು ಆನ್ ಆಗುತ್ತದಾ ನೋಡಿ.

ಆದರೆ ದಿನಾ ಸಂಜೆ ಸಿನಿಮಾಕ್ಕೆಂದು ಲ್ಯಾಪ್‌ಟಾಪ್ ಜೋಡಿಸುವುದು ರಗಳೆ. ಅದಕ್ಕೆ ಕಡ್ಡಿಯೋ ಪೆಟ್ಟಿಗೆಯೋ ಬೇಕು.

ಅಮೆಜಾನ್‌ನ ಫೈರ್ ಟಿವಿ ಸ್ಟಿಕ್ 2017ರಲ್ಲಿ ನಮ್ಮ ದೇಶಕ್ಕೆ ಬಂತು. ಎಚ್‌ಡಿಎಂಐ ರಂಧ್ರಕ್ಕೆ ಚುಚ್ಚುವ ಕಡ್ಡಿ. ಇದರಲ್ಲಿ ಸಿಲ್ಕ್ ಅನ್ನುವ ಬ್ರೌಸರ್ ಕಂಪನಿಯದೇ ಇದೆ, ಈ ಗುಂಪಿನಲ್ಲಿ ನಾನು ಇದನ್ನು ಮುಂದಿಡುವುದು ಅದಕ್ಕೇ. ರಿಮೋಟ್‌ನ ಉಂಗುರ ಒತ್ತಿದತ್ತ ಪರದೆಯ ಮೇಲೊಂದು ಪುಟ್ಟ ಗುರುತು ಓಡಾಡುತ್ತದೆ, ಬೇಕಾದ ಕಡೆ ನಿಲ್ಲಿಸಿ ನಡುವಿನ ಬಟನ್ ಒತ್ತಬೇಕು. ವಿಳಾಸವನ್ನು ಒಂದೊಂದೇ ಅಕ್ಷರ ಆರಿಸಿ ಬರೆಯುವುದು ತಾಳ್ಮೆಯ ಕೆಲಸ. ಬ್ಲೂಟೂತ್ ಕೀಬೋರ್ಡ್ ಜೋಡಿಸಿದರೆ ಸಲೀಸು. ಮೊಬೈಲ್‌ನಲ್ಲಿ ಫೈರ್ ಟಿವಿ ಆಪ್ ಹಾಕಿಕೊಂಡರೆ ಮೊಬೈಲೇ ಕೀಬೋರ್ಡ್ ಆಗುತ್ತದೆ. ಒಮ್ಮೆ ಬರೆದ ತಾಣವನ್ನು ಬುಕ್‌ಮಾರ್ಕ್ ಮಾಡಿಟ್ಟರೆ ಮತ್ತೆ ಬರೆಯುವ ಗೋಜಿಲ್ಲ. ಈಚೆಗೆ ಅವರು ಕೆಲವು ಕಡ್ಡಿಗಳಿಗೆ ವೇಗಾ ಅನ್ನುವ ಹೊಸ ವ್ಯವಸ್ಥೆ ಹಾಕುತ್ತಿದ್ದಾರೆ, ಅದು ಹೊರಗಿನ ಆಪ್‌ಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಿಲ್ಕ್ ಕೈಕೊಟ್ಟರೆ ಬೇರೆ ಬ್ರೌಸರನ್ನು ಹೊರಗಿನಿಂದ ತಂದು ಹಾಕಿಕೊಳ್ಳಲಾಗದು, ಹಾಗಾಗಿ ಅಂಗಡಿಯಲ್ಲೇ ಸಿಲ್ಕ್ ತೆರೆಸಿ, ನಿಮಗೆ ಬೇಕಾದ ಒಂದು ತಾಣ ತೋರಿಸಿ ಅನ್ನಿ. ಆಮೇಲೆ ದುಡ್ಡು ಕೊಡಿ.

ಆಂಡ್ರಾಯ್ಡ್ ಟಿವಿ, ಗೂಗಲ್ ಟಿವಿ ಅನ್ನುವ ಹೆಸರಿನಲ್ಲಿ ಶವೊಮಿ ಮೊದಲಾದವರ ಪೆಟ್ಟಿಗೆಗಳೂ ಟಿವಿಗಳೂ ಇವೆ. ಸಿನಿಮಾಕ್ಕೆ ಚೆನ್ನ, ಆಪ್‌ಗಳೂ ಹೆಚ್ಚು. ಆದರೆ ಕ್ರೋಮ್ ಮಾಡಿದ ಗೂಗಲ್ಲೇ ತನ್ನ ಟಿವಿಗೆ ಕ್ರೋಮ್ ಕೊಟ್ಟಿಲ್ಲ, ಬೇರೆಯವರ ಬ್ರೌಸರ್ ಹಾಕಿಕೊಳ್ಳಬೇಕು. ಆಪಲ್ ಟಿವಿ ದುಬಾರಿ, ಅದರಲ್ಲಿ ಬ್ರೌಸರ್ರೇ ಇಲ್ಲ. ನಿಮ್ಮ ಮಟ್ಟಿಗೆ ಅದರ ಮಾತು ಬೇಡ. ಸ್ಯಾಮ್ಸಂಗ್, ಎಲ್‌ಜಿ ಸ್ಮಾರ್ಟ್ ಟಿವಿಗಳಲ್ಲಿ ಬ್ರೌಸರ್ ಒಳಗೇ ಇರುತ್ತದೆ. ಹೊಸದರಲ್ಲಿ ಚೆನ್ನಾಗಿ ನಡೆದರೂ ಟಿವಿಗೆ ವಯಸ್ಸಾದಂತೆ ಕಂಪನಿ ಅಪ್‌ಡೇಟ್ ನಿಲ್ಲಿಸುತ್ತದೆ, ಹೊಸ ತಾಣಗಳು ತೆರೆಯುವುದಿಲ್ಲ. ಅದಕ್ಕೇ ಹೇಳುವುದು, ಬ್ರೌಸರ್‌ಗಾಗಿ ಟಿವಿ ಬದಲಿಸಬೇಡಿ. ಬದಲಿಸಲು ಕಡ್ಡಿ ಅಗ್ಗ.

ಜಿಯೊ, ಏರ್‌ಟೆಲ್‌ನವರು ಫೈಬರ್ ಜೊತೆ ಕೊಡುವ ಸೆಟ್ ಟಾಪ್ ಬಾಕ್ಸನ್ನು ಮರೆಯುವ ಹಾಗಿಲ್ಲ. ಜಿಯೊದವರು ತಮ್ಮ ಬ್ರೌಸರನ್ನು 2021ರಲ್ಲೇ ಬಾಕ್ಸ್‌ಗೆ ತಂದರು. ಆಗ ಜಿಯೊಪೇಜಸ್ ಅನ್ನುತ್ತಿದ್ದರು, ಈಗ ಜಿಯೊಸ್ಫಿಯರ್. ಕನ್ನಡದಲ್ಲೂ ಬಳಸಬಹುದು. ನಿಮ್ಮ ಮನೆಗೆ ಆ ಕನೆಕ್ಷನ್ ಇದ್ದರೆ ಹೊಸದು ಕೊಳ್ಳುವ ಮುಂಚೆ ಅದನ್ನೇ ಬಳಸಿ ನೋಡಿ. ಕನೆಕ್ಷನ್ ಬಿಟ್ಟರೆ ಬಾಕ್ಸ್ ವಾಪಸ್ ಕೊಡಬೇಕು, ಅಷ್ಟು ನೆನಪಿರಲಿ.

ನಿಮ್ಮ ಮಗ ಹೇಳಿದ ‘ಕಾಸ್ಟ್ ಮಾಡೋದು’ ಏನೆಂದರೆ, ಮೊಬೈಲ್‌ನಲ್ಲಿ ಸಿನಿಮಾ ಆರಿಸಿ ಒಂದು ಗುರುತು ಒತ್ತಿದರೆ ಟಿವಿಯಲ್ಲಿ ಓಡುವುದು. ಮೊಬೈಲ್ ವಿಳಾಸ ಹೇಳಿ ಸುಮ್ಮನಾಗುತ್ತದೆ, ಟಿವಿಯೇ ನೆಟ್‌ನಿಂದ ಎಳೆದುಕೊಳ್ಳುತ್ತದೆ. ಇದನ್ನು ಮನೆಮಾತು ಮಾಡಿದ್ದು 2013ರಲ್ಲಿ ಬಂದ ಗೂಗಲ್ ಕ್ರೋಮ್‌ಕಾಸ್ಟ್. ಗೂಗಲ್ 2024ರಲ್ಲಿ ಅದರ ತಯಾರಿಕೆ ನಿಲ್ಲಿಸಿತು. 2025ರ ಮಾರ್ಚ್‌ನಲ್ಲಿ, ಒಳಗಿನ ಹತ್ತು ವರ್ಷದ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದು, ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳೆಲ್ಲ ಒಮ್ಮೆಲೇ ಕೆಲಸ ನಿಲ್ಲಿಸಿಬಿಟ್ಟವು. ಕೆಲವು ದಿನದಲ್ಲಿ ಗೂಗಲ್ ಸರಿಪಡಿಸಿತು ಅನ್ನಿ. ಅದೇ ವರ್ಷದ ಕೊನೆಗೆ ನೆಟ್‌ಫ್ಲಿಕ್ಸ್, ರಿಮೋಟ್ ಇರುವ ಬಹುತೇಕ ಟಿವಿಗಳಿಗೆ ಮೊಬೈಲ್‌ನಿಂದ ಕಾಸ್ಟ್ ಮಾಡುವುದನ್ನೇ ತೆಗೆದುಹಾಕಿತು. ಹಾಗಾಗಿ ಕಾಸ್ಟ್ ಒಂದನ್ನೇ ನಂಬಿ ಏನೂ ಕೊಳ್ಳಬೇಡಿ. ಹಾಗೇ ನೆಟ್‌ಫ್ಲಿಕ್ಸ್ 2021ರ ಡಿಸೆಂಬರ್‌ನಲ್ಲಿ 149 ರೂಪಾಯಿಗೆ ಇಳಿಸಿದ ಮೊಬೈಲ್ ಪ್ಲಾನ್ ಟಿವಿಯಲ್ಲಿ ನಡೆಯುವುದಿಲ್ಲ. ಅಗ್ಗ ಅಂತ ಅದನ್ನು ಮಾಡಿಸಿಕೊಂಡು ಟಿವಿ ಮುಂದೆ ಕೂತವರು ನಮ್ಮ ಬೀದಿಯಲ್ಲೇ ಇದ್ದಾರೆ.

ಇನ್ನು ಕೇಬಲ್ ಹುಡುಗ ತೋರಿಸಿದ, ‘ಎಲ್ಲಾ ಸಿನಿಮಾ ಫ್ರೀ’ ಅನ್ನುವ ಹೆಸರಿಲ್ಲದ ಪೆಟ್ಟಿಗೆ. ಅಕ್ಕಾ, ಅದನ್ನು ಮಾತ್ರ ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಇಂಥ ಅಗ್ಗದ ಪೆಟ್ಟಿಗೆಗಳಲ್ಲಿ ಕಾರ್ಖಾನೆಯಿಂದ ಬರುವಾಗಲೇ ಕಳ್ಳ ತಂತ್ರಾಂಶ ಇರುವುದು ಪತ್ತೆಯಾಗಿದೆ. ಬ್ಯಾಡ್‌ಬಾಕ್ಸ್ ಅಂತ ಅದಕ್ಕೆ ಹೆಸರು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು. ಮರುತಿಂಗಳು ಕೋರ್ಟಿಗೆ ಹೋದ ಗೂಗಲ್ ಹೇಳಿದ ಲೆಕ್ಕ 1 ಕೋಟಿಗೂ ಹೆಚ್ಚು ಸಾಧನಗಳದು. ನಿಮ್ಮ ವೈ-ಫೈ ಬಳಸಿ ಬೇರೆ ಯಾರೋ ಮೋಸ ಮಾಡಬಹುದು, ವಿಳಾಸ ನಿಮ್ಮದೇ ಕಾಣುತ್ತದೆ. ಅದು ಬದಿಗಿರಲಿ, ಆ ಸಿನಿಮಾಗಳೆಲ್ಲ ಕದ್ದವು. ಕಂಪನಿ ನಾಟಕಕ್ಕೂ ಟಿಕೆಟ್ ಕೊಂಡೇ ಕೂತ ಊರು ನಮ್ಮದು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಸಾಕಿದ ಜನ ನಾವು. ಸಿನಿಮಾಕ್ಕೆಂದು ಹರಿಹರದಿಂದ ಬಸ್ ಹಿಡಿದು, ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ಬಿದ್ದರೆ ನಿಂತು ಕಾದು, ಹೆಸರು ತೋರಿಸುವಷ್ಟರಲ್ಲಿ ಒಳಗೆ ಸೇರಬೇಕು ಅಂತ ಓಡುತ್ತಿದ್ದೆವು ಅಂತ ನೀವೇ ಬರೆದಿದ್ದಿರಲ್ಲ. ಅಷ್ಟು ಪ್ರೀತಿಯಿಂದ ನೋಡಿದವರಿಗೆ ಕದ್ದ ಸಿನಿಮಾ ರುಚಿಸಲಾರದು.

ನೆಟ್ ಬಗ್ಗೆ ಸ್ವಲ್ಪ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ನಡೆಸಬಹುದಾ ಅಂತ ಕೇಳಿದ್ದೀರಿ. ನೆಟ್‌ಫ್ಲಿಕ್ಸ್‌ನವರೇ ಕೊಡುವ ಲೆಕ್ಕದಲ್ಲಿ ಎಚ್‌ಡಿ ಗುಣಮಟ್ಟಕ್ಕೆ ಗಂಟೆಗೆ 3 ಜಿಬಿವರೆಗೆ ಬೇಕು, 4ಕೆಗೆ 7 ಜಿಬಿವರೆಗೆ. ದಿನಕ್ಕೆ 2 ಜಿಬಿ ಪ್ಯಾಕ್ ಆದರೆ ಇಂಟರ್ವಲ್‌ಗೂ ಮುಂಚೆ ಮುಗಿಯಬಹುದು. ಫೈಬರ್ ಹಾಕಿಸಿ. ವೇಗ ಅಂಗಡಿಯವರು ಹೆದರಿಸುವಷ್ಟು ಬೇಡ. ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಸಾಕು. ಸಂಜೆ ಹೊತ್ತು ಚಿತ್ರ ಮಸುಕಾಗಿ ಮತ್ತೆ ತಿಳಿಯಾದರೆ ಪೆಟ್ಟಿಗೆ ಕೆಟ್ಟಿತು ಅಂದುಕೊಳ್ಳಬೇಡಿ. ಸಿನಿಮಾವನ್ನು ಕೆಲವೇ ಸೆಕೆಂಡಿನ ತುಂಡುಗಳಾಗಿ, ಒಂದೊಂದನ್ನೂ ನಾಲ್ಕಾರು ಗುಣಮಟ್ಟದಲ್ಲಿ ಇಟ್ಟಿರುತ್ತಾರೆ. ನೆಟ್ ನಿಧಾನವಾದಾಗ ಪೆಟ್ಟಿಗೆ ಹಗುರ ತುಂಡನ್ನು ತರಿಸಿಕೊಳ್ಳುತ್ತದೆ, ಸಿನಿಮಾ ನಿಲ್ಲದಿರಲಿ ಅಂತ. ನಿಮ್ಮದು ದಪ್ಪ ಗೋಡೆಯ ಹಳೆ ಮನೆ. ವೈ-ಫೈನಲ್ಲಿ 5 ಅಂತ ಬರೆದ ಹೆಸರು ವೇಗದ್ದು, ಆದರೆ ಗೋಡೆ ದಾಟುವುದರಲ್ಲಿ ಸೋಲುತ್ತದೆ. 2.4 ನಿಧಾನವಾದರೂ ದೂರ ಹೋಗುತ್ತದೆ. ರೂಟರನ್ನು ಹಾಲ್‌ನಲ್ಲೇ ಇಡಿಸಿಬಿಡಿ, ಈ ತಲೆನೋವೇ ಇರುವುದಿಲ್ಲ.

ಕಡ್ಡಿಗೆ ಕರೆಂಟ್ ಕೊಡುವುದರಲ್ಲಿ ಬಹಳ ಮನೆಗಳಲ್ಲಿ ಎಡವಟ್ಟಾಗುತ್ತದೆ. ಅಂದವಾಗಿರುತ್ತದೆ ಅಂತ ಅದರ ವೈರನ್ನು ಟಿವಿಯ ಯುಎಸ್‌ಬಿಗೇ ಚುಚ್ಚುತ್ತಾರೆ. ಹಳೆ ಟಿವಿಯ ಯುಎಸ್‌ಬಿ ಸಾಮಾನ್ಯವಾಗಿ ಅರ್ಧ ಆಂಪಿಯರ್ ಕೊಡುತ್ತದೆ, ಕಡ್ಡಿಯ ಜೊತೆ ಬರುವ ಅಡಾಪ್ಟರ್ ಒಂದು ಆಂಪಿಯರ್‌ನದು. ಸಾಲದೇ ಹೋದಾಗ ಸಿನಿಮಾ ನಡುವೆ ಕಡ್ಡಿ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಅಡಾಪ್ಟರನ್ನು ಗೋಡೆಯ ಪ್ಲಗ್‌ಗೇ ಹಾಕಿಸಿ. ಬೆಸ್ಕಾಂ ಕರೆಂಟ್ ಹೋದಾಗ ಇನ್ವರ್ಟರ್‌ನಲ್ಲಿ ಟಿವಿ ಹೊತ್ತಿ ನೆಟ್ ಮಾತ್ರ ಸತ್ತಿರುವುದು ನಮ್ಮ ಕಡೆ ಮಾಮೂಲು. ರೂಟರಿನ ಪ್ಲಗ್ಗನ್ನೂ ಇನ್ವರ್ಟರ್ ಲೈನಿಗೆ ಕೊಡಿಸಿ ಅಂತ ಎಲೆಕ್ಟ್ರಿಷಿಯನ್‌ಗೆ ಹೇಳಿ.

ಟಿವಿಯ ಬ್ರೌಸರ್‌ನಲ್ಲಿ ಬ್ಯಾಂಕಿನ ಪಾಸ್‌ವರ್ಡ್, ಕಾರ್ಡ್ ನಂಬರ್ ಹೊಡೆಯಬೇಡಿ. ದುಡ್ಡು ಕಟ್ಟುವುದೇನಿದ್ದರೂ ಮೊಬೈಲ್‌ನಲ್ಲಿ.

ನಿಮಗೆ ನನ್ನ ಸಲಹೆ ಇಷ್ಟು. ಲ್ಯಾಪ್‌ಟಾಪ್ ಆನ್ ಆದರೆ ಒಂದು ಎಚ್‌ಡಿಎಂಐ ಕೇಬಲ್, ಒಂದು ವೈರ್‌ಲೆಸ್ ಮೌಸ್ ತರಿಸಿ. ಓದಲಿಕ್ಕೂ ‘ಏಕಂ’ನಂಥದ್ದನ್ನು ನೋಡಲಿಕ್ಕೂ ಅದು. ದಿನದ ಸಿನಿಮಾಕ್ಕೆ, ಫೈಬರ್ ಬಾಕ್ಸ್ ಬರುವುದಾದರೆ ಅದು, ಇಲ್ಲದಿದ್ದರೆ ಸಿಲ್ಕ್ ಇರುವ ಸಾದಾ ಎಚ್‌ಡಿ ಫೈರ್ ಸ್ಟಿಕ್. ನಿಮ್ಮದು 32 ಇಂಚಿನ ಟಿವಿ, 4ಕೆ ಕಡ್ಡಿಗೆ ಹೆಚ್ಚು ದುಡ್ಡು ಕೊಡುವುದು ದಂಡ.

ಕೊಳ್ಳುವ ಮುಂಚೆ ಟಿವಿಯ ಹಿಂಬದಿಯ ಫೋಟೊ ಒಂದನ್ನು ಮಗನ ಕೈಲಿ ತೆಗೆಸಿ ಕಳಿಸಿ. ಮಾಡೆಲ್ ನಂಬರ್ ಚೀಟಿಯೂ ರಂಧ್ರಗಳೂ ಕಾಣಬೇಕು. ಎಚ್‌ಡಿಎಂಐ ಎರಡಿದ್ದರೆ ಕಡ್ಡಿ ಒಂದಕ್ಕೆ, ಕೇಬಲ್ ಇನ್ನೊಂದಕ್ಕೆ. ಒಂದೇ ಇದ್ದರೆ ಮಾರ್ಗ ಬೇರೆ ಇದೆ, ನೋಡಿ ಹೇಳುತ್ತೇನೆ. ಭಾನುವಾರ ದಾವಣಗೆರೆ ಕಡೆ ಬರುವುದಿದ್ದರೆ ಲ್ಯಾಪ್‌ಟಾಪನ್ನೂ ಹಿಡಿದು ಬನ್ನಿ, ನಮ್ಮ ಟಿವಿಗೇ ಹಾಕಿ ‘ಏಕಂ’ನ ಮೊದಲ ಕತೆ ನೋಡೋಣ. ಊಟ ನಮ್ಮಲ್ಲೇ.

ಇಂತಿ,
ನಿಮ್ಮ ತಮ್ಮ