ಹುಡ್ರ ಹಿಂದೆ ನೀರೂ...

ಶಾಲೆಯಲ್ಲಿದ್ದಾಗ "ಜನಸಂಖ್ಯಾ ಸ್ಫೋಟ" ಅಂತ ಎರಡು ಪುಟದ ಪ್ರಬಂಧ ಬರೆದಿದ್ದೆ, ಸಿದ್ದಾಪುರದ ನಮ್ಮನೆ ಜಗುಲಿಯಲ್ಲಿ ಕೂತು. ಈಗ ಆ ಜಗುಲಿಯಲ್ಲಿ ಅಪ್ಪಯ್ಯ, ಆಯಿ ಇಬ್ಬರೇ. ಕೇರಿಯ ಎಂಟು ಮನೆಗಳಲ್ಲಿ ಹುಡುಗರು ಅಂತ ಉಳಿದಿರೋದು ಒಂದರಲ್ಲಿ. ಕೊನೆಕೊಯ್ಲಿಗೆ ಜನ ಸಿಗೋಲ್ಲ. ಎಲ್ಲಿಯ ಸ್ಫೋಟ!

2011ರ ಜನಗಣತಿ ಪ್ರಕಾರ ಉತ್ತರ ಕನ್ನಡದಲ್ಲಿ ಚದರ ಕಿಲೋಮೀಟರಿಗೆ 140 ಜನ, ಬೆಂಗಳೂರು ನಗರ ಜಿಲ್ಲೆಯಲ್ಲಿ 4,381. ಆಗ ನಾನಿನ್ನೂ ಆ 140ರಲ್ಲಿದ್ದೆ. ಆಮೇಲೆ ಪಕ್ಷ ಬದಲಿಸಿದೆ.

2019ರಲ್ಲಿ ಲಿಂಗನಮಕ್ಕಿಯಿಂದ ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯೋ ಮಾತೆದ್ದಿತು. ಜುಲೈ 10ಕ್ಕೆ ಶಿವಮೊಗ್ಗ ಜಿಲ್ಲೆ ಬಂದ್. ಜೋಗ ಅಂದ್ರೆ ನಮ್ಮ ತಾಲ್ಲೂಕಿನ ಅಂಚೇ ತಾನೇ... ಅಪ್ಪಯ್ಯ ಫೋನಿನಲ್ಲಿ ಕೇಳಿದ್ರು: "ಹುಡ್ರೆಲ್ಲ ಬೆಂಗ್ಳೂರಿಗೆ ಹೋದ್ವಲಾ, ಈಗ ನೀರೂ ಅಲ್ಲಿಗೇ ಹೋಗ್ತಡ, ಹೌದನಾ ತಮಾ?"

"ಛೆ, ಆಗೋದಲ್ಲ ಬಿಡು" ಅಂದಿದ್ದೆ, ಭಾರೀ ಧೈರ್ಯದಲ್ಲಿ.

ಬೆಂಗಳೂರಿನ ನಲ್ಲಿಗೆ ಬರೋ ಕಾವೇರಿಯೇ ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ ತಂದಿದ್ದು. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾಯ್ತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರಿಗೆ. ಅದಕ್ಕೂ ಮೊದಲು, ಆ ವರ್ಷದ ಬೇಸಿಗೆಯಲ್ಲಿ, ನಮ್ಮ ಬೀದಿಯ ಬೋರ್‌ವೆಲ್ ಬತ್ತಿತ್ತು. ರಾತ್ರಿ ಹನ್ನೊಂದಕ್ಕೆ ಟ್ಯಾಂಕರಿಗೆ ಬಕೆಟ್ ಹಿಡಿದು ನಿಂತವನಿಗೆ, ಎಲ್ಲಿಂದಾದ್ರೂ ಬರಲಿ, ಶರಾವತಿಯಾದ್ರೂ ಸರಿ ಅನ್ನಿಸಿಬಿಟ್ಟಿತ್ತು.

ಅಪ್ಪಯ್ಯನಿಗೆ ಇದನ್ನ ಹೇಳಿಲ್ಲ.