ಕಟ್ಟಿಕೊಂಡ ಕೊಳವೆ, ಮುಚ್ಚಿಟ್ಟ ಮಾತು

ಮೇದೋಜೀರಕ ಗ್ರಂಥಿಯಲ್ಲಾಗಲಿ ಪಿತ್ತನಾಳದಲ್ಲಾಗಲಿ ಬೆಳೆದ ಅರ್ಬುದವು ನಾಳವನ್ನು ಅಮುಕಿದಾಗ, ಕರುಳಿಗೆ ಇಳಿಯಬೇಕಾದ ಪಿತ್ತರಸವು ರಕ್ತವನ್ನು ಸೇರಿ ಕಣ್ಣು ಹಳದಿಯಾಗುತ್ತದೆ, ಮೈಯೆಲ್ಲ ನವೆಯೇಳುತ್ತದೆ. ಶಸ್ತ್ರಚಿಕಿತ್ಸೆಗೆ ನಿಲುಕದ ಇಂತಹ ರೋಗಿಗಳಿಗೆ ಬಾಯಿಯ ಮೂಲಕ ಎಂಡೋಸ್ಕೋಪನ್ನು ಇಳಿಸಿ, ನಾಳದೊಳಗೆ ಸ್ಟೆಂಟ್ ಎಂಬ ಕಿರುಗೊಳವೆಯನ್ನು ಕೂರಿಸುವ ವಿಧಾನವನ್ನು ಹ್ಯಾಂಬರ್ಗಿನ ವೈದ್ಯ ನಿಬ್ ಸೊಹೆಂದ್ರ 1979ರಲ್ಲಿ ಪ್ರಕಟಿಸಿದರು. ಅರ್ಬುದ ಅಲ್ಲಿಯೇ ಉಳಿಯುತ್ತದೆ. ಆದರೆ ಕಾಮಾಲೆ ಇಳಿಯುತ್ತದೆ, ನವೆ ನಿಂತು ನಿದ್ರೆ ಬರುತ್ತದೆ. ಈ ನೆಮ್ಮದಿ ಅಲ್ಪವಾದುದಲ್ಲ.

ಆದರೆ ಕೊಳವೆ ಶಾಶ್ವತವಲ್ಲ. ಸುಮಾರು 3 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಕೊಳವೆಯ ಒಳಮೈಗೆ ಸೂಕ್ಷ್ಮಾಣುಗಳು ಅಂಟಿ, ಅವುಗಳ ಲೋಳೆಯ ಮೇಲೆ ಪಿತ್ತದ ಮಡ್ಡಿ ಕೂಡುತ್ತ, ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಲ್ಲಿ ಅದು ಕಟ್ಟಿಕೊಳ್ಳುತ್ತದೆ. 10 ಮಿಲಿಮೀಟರ್‌ವರೆಗೆ ಅರಳುವ ಲೋಹದ ಜಾಲರಿ ಹೆಚ್ಚು ಕಾಲ ತೆರೆದಿರುತ್ತದೆ, ಬೆಲೆಯೂ ಹೆಚ್ಚು; ಅದರ ಕಣ್ಣುಗಳಲ್ಲಿ ಅರ್ಬುದವೇ ನುಸುಳಿ ಬೆಳೆಯುವುದುಂಟು. ಔಷಧದಾನದ ನಿಧಿಯಿಂದ ಮೊದಲ ಕೊಳವೆಗೆ ಹಣ ಕೊಡುವ ಟ್ರಸ್ಟುಗಳು ಎರಡನೆಯದರ ಲೆಕ್ಕವನ್ನೂ ಅಂದೇ ಬರೆದಿಡುವುದು ಉಚಿತ.

ಕೊಳವೆ ಕಟ್ಟಿದಾಗ ಚಳಿಜ್ವರ ಬರುತ್ತದೆ, ಕಾಮಾಲೆ ಮರುಕಳಿಸುತ್ತದೆ, ಮೂತ್ರ ಕಂದುಬಣ್ಣಕ್ಕೆ ತಿರುಗುತ್ತದೆ. ವೃದ್ಧರಲ್ಲಿ ಕೆಲವೊಮ್ಮೆ ಬರಿಯ ಮಂಕು, ತಡವರಿಸುವ ಮಾತು. ನಂಜು ರಕ್ತಕ್ಕೆ ಏರಲು ಕೆಲವು ಗಂಟೆಗಳೇ ಸಾಕು. ಇಲ್ಲಿ ಮನೆಯವರ ಸದುದ್ದೇಶದ ಸುಳ್ಳೊಂದು ಅಡ್ಡಬರುತ್ತದೆ. ಹಿರಿಯರ ಮನಸ್ಸು ನೋಯಬಾರದೆಂದು ಮಕ್ಕಳು ಅರ್ಬುದದ ಹೆಸರನ್ನು ಮುಚ್ಚಿಡುತ್ತಾರೆ; ಅದರೊಡನೆ ಕೊಳವೆಯ ಸಂಗತಿಯೂ ಮುಚ್ಚಿಹೋಗುತ್ತದೆ. ರಾತ್ರಿ ನಡುಕ ಬಂದಾಗ ಆ ಹಿರಿಯರು, 'ಸಾಧಾರಣ ಜ್ವರ, ಬೆಳಗಾಗಲಿ ನೋಡೋಣ' ಎಂದು ಹೊದ್ದು ಮಲಗುತ್ತಾರೆ. ತಮ್ಮ ದೇಹದೊಳಗೆ ಏನಿದೆಯೆಂಬುದು ಮನೆಯಲ್ಲಿ ಅವರೊಬ್ಬರಿಗೇ ತಿಳಿದಿರುವುದಿಲ್ಲ. ಕೊಳವೆ ಇರಿಸಿದ ದಿನಾಂಕ, ಅದರ ಬಗೆ, ಆಸ್ಪತ್ರೆಯ ದೂರವಾಣಿ ಸಂಖ್ಯೆ ಬರೆದ ಚೀಟಿ ಅವರ ದಿಂಬಿನ ಬಳಿಯೇ ಇರಬೇಕಿತ್ತು.

ಇನ್ನೊಂದು ಭ್ರಮೆ ಇದಕ್ಕಿಂತ ಸೂಕ್ಷ್ಮವಾದುದು. ಮಂಕಾದ ಹಿರಿಯರನ್ನು ಕಂಡು ಅಂತ್ಯಕಾಲವೇ ಬಂದಿತೆಂದು ಸಲ್ಲೇಖನದ ಮಾತೆತ್ತುವವರುಂಟು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅದಕ್ಕೆ ಹೇಳುವ ಕಾರಣಗಳಲ್ಲಿ ರೋಗವೂ ಒಂದು; ಆದರೆ ಅದು ಪ್ರತೀಕಾರವಿಲ್ಲದ್ದಾಗಿರಬೇಕು. ಅರ್ಬುದಕ್ಕೆ ಪ್ರತೀಕಾರವಿಲ್ಲದಿರಬಹುದು, ಕಟ್ಟಿದ ಕೊಳವೆಗೆ ಬಹುಮಟ್ಟಿಗೆ ಉಂಟು. ನಂಜಿಗೆ ಔಷಧ ಕೊಟ್ಟು ಕೊಳವೆಯನ್ನು ಬದಲಿಸಬಹುದು, ಜಾಲರಿಯಾದರೆ ಅದರೊಳಗೆ ಮತ್ತೊಂದನ್ನು ಕೂರಿಸಬಹುದು. ನಂಜಿಳಿದ ಬಳಿಕ ಅದೇ ಹಿರಿಯರು ಎದ್ದು ಕುಳಿತು, ಮುಂದೆ ಚಿಕಿತ್ಸೆಯೋ ವ್ರತವೋ ಎಂಬುದನ್ನು ಎಚ್ಚರದ ಮನಸ್ಸಿನಿಂದ ತಾವೇ ನಿರ್ಧರಿಸಬಲ್ಲರು. ಮೂರನೆಯ ಕೊಳವೆ ಬೇಡವೆಂದು ಅವರು ಹೇಳುವುದೂ ಉಂಟು; ಆಗ ನವೆಗೂ ನೋವಿಗೂ ಶಮನದ ಔಷಧ ಕೊಡುತ್ತ ಬಳಿಯಲ್ಲಿರುವ ಕೆಲಸ ಮನೆಯವರದು.